ನಂದೀಶ್ವರಯ್ಯನವರ ಕಾರ್ಬನ್ ಪ್ರತಿ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ರಸ್ತೆಗಳಲ್ಲಿ ಕಳೆದ ಮೂವತ್ತೈದು ವರ್ಷಗಳಿಂದ ಉರುಳಿದ, ಗುದ್ದಿಕೊಂಡ, ಹಳ್ಳಕ್ಕಿಳಿದ ವಾಹನಗಳನ್ನು ಮುಟ್ಟಿ ನೋಡಿ, ಅವುಗಳಿಂದ ಸತ್ಯವನ್ನು ಹೊರಡಿಸಿದ ಕೈ ಯಾರದೆಂದು ಕೇಳಿದರೆ, ಪೊಲೀಸ್ ಠಾಣೆಯ ಬರಹಗಾರರಿಂದ ಹಿಡಿದು ಗ್ಯಾರೇಜಿನ ಮೇಸ್ತ್ರಿಗಳವರೆಗೆ ಎಲ್ಲರೂ ಹೇಳುವ ಹೆಸರು ಒಂದೇ: ಶ್ರೀ ನಂದೀಶ್ವರಯ್ಯನವರು. ವಿಮಾ ಸಂಸ್ಥೆಯ ಅಪಘಾತ ತನಿಖಾಧಿಕಾರಿ ಎಂಬ ಹುದ್ದೆಗೆ ನಮ್ಮ ಸೀಮೆಯಲ್ಲಿ ಗೌರವಕ್ಕಿಂತ ಅಂಜಿಕೆಯೇ ಹೆಚ್ಚು. ಕಂಪನಿಯವನು ಬಂದನೆಂದರೆ ಮನೆಯವರು ಬಾಗಿಲು ಮುಚ್ಚಿಕೊಳ್ಳುತ್ತಾರೆ, ಎದುರುಮನೆಯವರು ಕಿಟಕಿ ತೆರೆಯುತ್ತಾರೆ. ಇಂಥ ಕೆಲಸದಲ್ಲಿ ಜೀವಮಾನ ಕಳೆದೂ, ತಾವು ತನಿಖೆ ಮಾಡಿದ ಮನೆಗಳ ಮದುವೆ ಮುಂಜಿಗಳಿಗೆ ಕರೆಯಿಸಿಕೊಳ್ಳುವ ಮನುಷ್ಯರು ಇವರೊಬ್ಬರೇ ಇರಬೇಕು. ಇವರ ನಿವೃತ್ತಿಯ ಸಂದರ್ಭದ ಈ ಸಂಪುಟದಲ್ಲಿ ಇವರು ಹಿಡಿದ ಮೋಸಗಳ ಪಟ್ಟಿಯನ್ನು ಬೇರೆಯವರು ಕೊಟ್ಟಿದ್ದಾರೆ. ಇಲ್ಲಿ ಹೇಳಹೊರಟಿರುವುದು ಇವರು ಮಾಡಿದ ಎರಡು ತಪ್ಪುಗಳ ಕಥೆ. ಅವೆರಡನ್ನೂ ಬಿಡದೆ ಬರೆಯಬೇಕೆಂದು ಕೇಳಿಕೊಂಡವರು ಅವರೇ.

ಮೊದಲನೆಯದು ೧೯೯೧ರ ಬೇಸಿಗೆಯದು. ಸೇವೆಗೆ ಸೇರಿ ವರ್ಷ ತುಂಬಿರಲಿಲ್ಲ. ಕೊಳಾಲದ ಬಳಿ ಲಾರಿಯೊಂದು ಸೈಕಲ್ ಸವಾರನಿಗೆ ಗುದ್ದಿ ಆತ ತೀರಿಕೊಂಡಿದ್ದ. ಹೆಂಡತಿ ಲಕ್ಕಮ್ಮ ಪರಿಹಾರಕ್ಕೆ ಅರ್ಜಿ ಹಾಕಿದ್ದರು. ಸಂಸ್ಥೆಯ ಹಳಬರು ಕಲಿಸಿಕೊಟ್ಟಿದ್ದ ಪದ್ಧತಿಯೆಂದರೆ ಅರ್ಜಿದಾರರ ಮನೆಗೆ ಕೊನೆಯಲ್ಲಿ ಹೋಗುವುದು, ಅದಕ್ಕೆ ಮೊದಲು ಊರನ್ನು ಸೋಸುವುದು. ಆ ಪ್ರಕಾರ ಇಪ್ಪತ್ತೈದರ ಹರೆಯದ ನಂದೀಶ್ವರಯ್ಯನವರು ಹೋಟೆಲಿನ ಬೆಂಚಿನ ಮೇಲೆ ಕುಳಿತು, ಚಹಾ ತರಿಸಿಕೊಂಡು, ಸತ್ತವನು ಕುಡಿಯುತ್ತಿದ್ದನೇ ಎಂದು ಪಕ್ಕದವರನ್ನು ಸಹಜವೆಂಬಂತೆ ವಿಚಾರಿಸಿದರು. ಯಾರೂ ಹೌದೆನ್ನಲಿಲ್ಲ. ಇವರೂ ಹಾಗೆಯೇ ವರದಿ ಬರೆದು, ಸಹಿಗಾಗಿ ಮೂರು ವಾರದ ಮೇಲೆ ಆ ಮನೆಯ ಮುಂದೆ ನಿಂತರು.

ಅಷ್ಟರಲ್ಲಿ ಊರು ತನ್ನ ಉತ್ತರವನ್ನು ಸಿದ್ಧಪಡಿಸಿಕೊಂಡಿತ್ತು. ಕಂಪನಿಯವನು ಸುಮ್ಮನೆ ಕೇಳುತ್ತಾನೆಯೇ, ಏನೋ ಇದ್ದೇ ಇರಬೇಕು ಎಂಬಲ್ಲಿಂದ ಹೊರಟ ಮಾತು, ಸತ್ತವನನ್ನು ಮೊದಲು ಕುಡುಕನನ್ನಾಗಿಸಿ, ಆಮೇಲೆ ಜೂಜುಕೋರನನ್ನಾಗಿಸಿ, ಕೊನೆಗೆ ಅವನಿಗೆ ಕೊರಟಗೆರೆಯಲ್ಲಿ ಇನ್ನೊಂದು ಸಂಸಾರವನ್ನೂ ಕಟ್ಟಿಕೊಟ್ಟಿತ್ತು. ಅತ್ತೆಮನೆಯವರು ಲಕ್ಕಮ್ಮನೊಡನೆ ಮಾತು ಬಿಟ್ಟಿದ್ದರು. ಆಕೆ ಜಗುಲಿಯ ಮೇಲೆ ಕುಳಿತೇ ಹೇಳಿದರು:

"ನೀವು ಕೇಳಿದ್ದು ಒಂದ್ ಮಾತು ಸ್ವಾಮಿ. ಊರು ಮೂರ್ ವಾರದಿಂದ ಅದುಕ್ಕೆ ಉತ್ರ ಹೇಳ್ತಾ ಐತೆ. ನನ್ ಬಾಗ್ಲು ಇಲ್ಲೇ ಇತ್ತಲ್ಲ. ನನ್ನೇ ಕೇಳ್ಬೋದಿತ್ತಲ್ಲ."

ಖಾಸಗಿತನವು ಮನುಷ್ಯನ ಮೂಲಭೂತ ಹಕ್ಕೆಂದು ದೇಶದ ಅತ್ಯುನ್ನತ ನ್ಯಾಯಾಲಯ ಸಾರಿದ್ದು ೨೦೧೭ರಲ್ಲಿ. ನಂದೀಶ್ವರಯ್ಯನವರ ಪಾಲಿಗೆ ಆ ತೀರ್ಪು ಇಪ್ಪತ್ತಾರು ವರ್ಷ ಮುಂಚೆಯೇ ಕೊಳಾಲದ ಆ ಜಗುಲಿಯ ಮೇಲೆ ಹೊರಬಿದ್ದಿತ್ತು. ಅಂದಿನಿಂದ ಅವರು ಊರಿನ ಹೋಟೆಲಿಗೆ ಕಾಲಿಡಲಿಲ್ಲ. ಯಾವ ಅಪಘಾತವಿರಲಿ, ಮೊದಲು ಗಾಯಾಳುವಿನ ಬಾಗಿಲಿಗೆ ಹೋಗುವರು. ಹಾಳೆಗಳ ನಡುವೆ ಕಾರ್ಬನ್ ಇಟ್ಟು, ತಾವು ಯಾರನ್ನು ಏನು ಕೇಳಲಿದ್ದೇವೆ, ಯಾವ ದಾಖಲೆ ನೋಡಲಿದ್ದೇವೆ ಎಂದು ಪಟ್ಟಿ ಬರೆಯುವರು. ಅದನ್ನು ಗಟ್ಟಿಯಾಗಿ ಓದಿ ಹೇಳಿ, ಕೆಳಗಿನ ಪ್ರತಿಯನ್ನು ಆ ಮನೆಯಲ್ಲೇ ಬಿಟ್ಟು ಬರುವರು. ಪಟ್ಟಿಯಲ್ಲಿಲ್ಲದ ಒಂದು ಪ್ರಶ್ನೆಯನ್ನೂ ಬೇರೆಲ್ಲೂ ಕೇಳರು. ಕಚೇರಿಯಲ್ಲಿ ಇವರಿಗೆ ಕಾರ್ಬನ್ ಅಯ್ಯನವರೆಂದು ಹೆಸರು ಬಿತ್ತು. ಕಳ್ಳನಿಗೆ ಮೊದಲೇ ದಾರಿ ತೋರಿಸಿದರೆ ಕಳವು ಸಿಕ್ಕೀತೇ ಎಂದು ಮೇಲಿನವರು ನಕ್ಕರು.

ಸಿಕ್ಕಿತು. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ ಕಡೆಯ ಕದರಪ್ಪನೆಂಬಾತ, ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿಯಿತೆಂದು ಅರ್ಜಿ ಹಾಕಿದ್ದ. ಇವರು ಆತನ ಮಂಚದ ಬಳಿ ಕುಳಿತು ಪಟ್ಟಿ ಓದಿದರು: ಆಸ್ಪತ್ರೆಯ ಮೊದಲ ದಿನದ ಪುಸ್ತಕ, ಬೈಕಿನ ಹ್ಯಾಂಡಲು, ಬಿದ್ದ ಜಾಗ. ಆಸ್ಪತ್ರೆಯ ಪುಸ್ತಕ ಎಂದೊಡನೆ ಕದರಪ್ಪ ಗೋಡೆಯತ್ತ ಹೊರಳಿದ. ಹುಣಸೆಹಣ್ಣು ಬಡಿಯಲು ಹೋಗಿ ಮರದಿಂದ ಬಿದ್ದವನೆಂದು ಅಲ್ಲಿ ಅವನೇ ಬರೆಸಿದ್ದ.

"ಅದೊಂದು ಬಿಟ್ಬುಡಿ ಸಾರೂ," ಎಂದನಂತೆ, "ಮಿಕ್ಕಿದ್ದೆಲ್ಲಾನೂ ನೋಡ್ಕಳಿ."

ನಂದೀಶ್ವರಯ್ಯನವರು ನಗದೆ, ಅರ್ಜಿ ಹಿಂತೆಗೆದುಕೊಳ್ಳುವ ಕಾಗದವನ್ನು ತಾವೇ ಬರೆದುಕೊಟ್ಟರು. ಮಗಳ ಮದುವೆ ಗೊತ್ತಾಗಿದ್ದ ಆ ಮನೆಯಲ್ಲಿ ಮರದ ಸುದ್ದಿ ಮೂರನೆಯ ಕಿವಿಗೆ ಬೀಳಲಿಲ್ಲ. ಮದುವೆಯ ಕರೆಯೋಲೆ ಮಾತ್ರ ಅಂಚೆಯಲ್ಲಿ ಬಂತು. ಇಪ್ಪತ್ತೇಳು ವರ್ಷ ಈ ಪದ್ಧತಿ ಅವರ ಕೈ ಬಿಡಲಿಲ್ಲ, ಅವರೂ ಅದರ ಕೈ ಬಿಡಲಿಲ್ಲ. ಬಹುಶಃ ಅದರಿಂದಲೇ ಎರಡನೆಯ ತಪ್ಪು ಆದದ್ದು.

೨೦೧೮ರ ಫೆಬ್ರವರಿ. ಸಿರಾದಿಂದ ಬುಕ್ಕಾಪಟ್ಟಣಕ್ಕೆ ಹೋಗುವ ಕುರುಚಲು ಕಾಡಿನ ರಸ್ತೆಯಲ್ಲಿ ಬಾಡಿಗೆ ಕಾರೊಂದಕ್ಕೆ ಚಿಂಕಾರ ಜಿಂಕೆಯೊಂದು ಅಡ್ಡ ಹಾಯಿತು. ಅದನ್ನು ಉಳಿಸಲು ಹೋದ ಚಾಲಕ ಭೀಮರಾಜು ಕಾರನ್ನು ಹಳ್ಳಕ್ಕೆ ಉರುಳಿಸಿದ. ಹಿಂದಿನ ಸೀಟಿನಲ್ಲಿದ್ದ ಮಧುಗಿರಿಯ ಕಮಲಾಕ್ಷಮ್ಮನವರ ಬಲಗೈ, ಸೊಂಟ ಮುರಿದವು. ಪೇಟೆಯಲ್ಲಿ ಹೆಸರಾದ ಬಟ್ಟೆ ವ್ಯಾಪಾರಿ ಪರ್ವತಯ್ಯನವರ ಹೆಂಡತಿ ಆಕೆ. ಕಣ್ಣಿನ ಆಸ್ಪತ್ರೆಗೆಂದು ಮನೆಯಲ್ಲಿ ಹೇಳಿ ತುಮಕೂರಿಗೆ ಹೊರಟವರು, ಅದಕ್ಕೆ ಬೆನ್ನು ಹಾಕಿದ ಬುಕ್ಕಾಪಟ್ಟಣದ ದಾರಿಯಲ್ಲಿ ಏನು ಮಾಡುತ್ತಿದ್ದರು? ಭೀಮರಾಜು ಮೊದಲ ದಿನ ಕೊಟ್ಟ ದೂರಿನಲ್ಲಿ ಆಕೆಯ ಹೆಸರೇ ಇರಲಿಲ್ಲ. ಮರುದಿನದ ಹೇಳಿಕೆಯಲ್ಲಿ ಬಂತು. ಬಚ್ಚಲಲ್ಲಿ ಜಾರಿ ಮುರಿದ ಮೂಳೆಗೆ ರಸ್ತೆ ಅಪಘಾತದ ಹೆಸರು ಕೊಡುವುದು ಹೊಸ ವಿದ್ಯೆಯೇನಲ್ಲ. ಪರ್ವತಯ್ಯನವರ ಕಡೆಯಿಂದ ಪರಿಹಾರದ ಅರ್ಜಿ ಬಂದಾಗ ಸಂಸ್ಥೆಗೆ ಅನುಮಾನ ಬಂದದ್ದು ಸಹಜವೇ ಆಗಿತ್ತು. ಆಕೆ ಅಲ್ಲಿಗೆ ಯಾಕೆ ಹೋಗಿದ್ದರೆಂಬುದನ್ನು ಪತ್ತೆಮಾಡಿ, ನೆರೆಹೊರೆಯವರ ಹೇಳಿಕೆಯೊಡನೆ ವರದಿ ಕೊಡಿ ಎಂದು ವ್ಯವಸ್ಥಾಪಕರು ಆದೇಶ ಮಾಡಿದರು.

ಪದ್ಧತಿಯಂತೆ ನಂದೀಶ್ವರಯ್ಯನವರು ಮೊದಲು ಆಕೆಯ ಮನೆಗೇ ಹೋದರು. ಪರ್ವತಯ್ಯನವರು ಅಂಗಡಿಯಲ್ಲಿದ್ದರು. ಮಂಚದ ಕಾಲ ಬಳಿ ಕೆಲಸದ ಮಂಜಮ್ಮ, ಬಾಗಿಲಿಗೆ ಒರಗಿ ಮೈದುನ ಮಲ್ಲೇಶ್. ಒಬ್ಬರೇ ಇದ್ದಾಗ ಮಾತನಾಡಬೇಕೆಂದು ಇವರು ಕೇಳಿದರೆ, ಮನೆಯವರಿಗೆ ಗೊತ್ತಿಲ್ಲದ್ದು ಏನಿದೆ ಎಂದು ಮಲ್ಲೇಶ್ ಕದಲಲಿಲ್ಲ. ಬುಕ್ಕಾಪಟ್ಟಣದ ಕಡೆ ಒಂದು ಹರಕೆಯಿತ್ತೆಂದು ಕಮಲಾಕ್ಷಮ್ಮ ಮೆಲ್ಲಗೆ ಹೇಳಿದರು.

"ನಾವೂ ಅದ್ನೇ ಕೇಳ್ತಾ ಇದೀವಿ ಅಯ್ಯನೋರೆ, ಯಾವ್ ದೇವ್ರು ಅಂತ," ಎಂದ ಮಲ್ಲೇಶ್. "ನಮ್ಮತ್ಗೆ ದೇವ್ರ ಹೆಸ್ರೇ ಮರ್ತ್‌ಬುಟ್ಟವ್ರೆ."

ನಂದೀಶ್ವರಯ್ಯನವರು ಕಾರ್ಬನ್ ಇಟ್ಟು ಪಟ್ಟಿ ಬರೆದರು, ಎಂದಿನಂತೆ ಗಟ್ಟಿಯಾಗಿ ಓದಿದರು. ಒಂದು, ಸಿರಾ ಆಸ್ಪತ್ರೆಯ ಪುಸ್ತಕ. ಎರಡು, ಚಾಲಕ ಭೀಮರಾಜು. ಮೂರು, ಪೊಲೀಸ್ ಕಾಗದದಲ್ಲಿ ಕಂಡಂತೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ಯುವರಾಜ್, ಬುಕ್ಕಾಪಟ್ಟಣ.

ಮೂರನೆಯ ಸಾಲಿಗೆ ಕಮಲಾಕ್ಷಮ್ಮನವರ ಎಡಗೈಯ ಲೋಟ ವಾಲಿ ಹೊದಿಕೆಯ ಮೇಲೆ ನೀರು ಚೆಲ್ಲಿತು. ನೋವಿರಬೇಕೆಂದು ಇವರು ಎಣಿಸಿದರು. ಆ ಚೀಟಿ ನನಗೆ ಕೊಡಿ ಎಂದು ಆಕೆ ಕೈ ಚಾಚಿದರು. ಅಷ್ಟರಲ್ಲಿ ಮಲ್ಲೇಶ್ ಮುಂದೆ ಬಂದು, "ಎಡ್ಗೈಲಿ ಎಲ್ಲಿಡ್ತೀರತ್ಗೆ, ನಾನ್ ಜೋಪಾನ ಮಾಡ್ತೀನಿ," ಎಂದು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಮುಖದಲ್ಲಿ ಒಂದು ಗೆರೆಯೂ ಕದಲಿರಲಿಲ್ಲ. ಎಂದೂ ಇಲ್ಲದ ಮರ್ಯಾದೆಯಿಂದ ಬೀದಿಯವರೆಗೂ ಬಂದು ಬೀಳ್ಕೊಟ್ಟು, ಬುಕ್ಕಾಪಟ್ಟಣಕ್ಕೆ ಯಾವಾಗ ಹೋಗುತ್ತೀರೆಂದು ಕೇಳಿದ. ನಾಳೆ ಬೆಳಗ್ಗೆ ಎಂದರು ಇವರು.

"ಆಗ್ಲಿ ಆಗ್ಲಿ. ಅರ್ಜೆಂಟೇನಿಲ್ಲ," ಎಂದ ಮಲ್ಲೇಶ್.

ಬಸ್ ನಿಲ್ದಾಣದಲ್ಲಿ ನಿಂತಾಗ ನಂದೀಶ್ವರಯ್ಯನವರಿಗೆ ಕನ್ನಡಕದ ಪೆಟ್ಟಿಗೆ ಕಾಣಲಿಲ್ಲ. ಜೇಬು ತಡಕುತ್ತಿರುವಾಗಲೇ ಮಂಜಮ್ಮ ಏದುಸಿರು ಬಿಡುತ್ತಾ ಬಂದು ಅದನ್ನು ಕೈಗಿತ್ತಳು.

"ನೀವ್ ಬಿಟ್ ಬಂದಿದ್ದಲ್ಲ ಸ್ವಾಮಿ, ನಾನೇ ಎತ್ತಿಟ್ಕಂಡಿದ್ದು. ಇಲ್ದಿದ್ರೆ ಮನೆಯಿಂದ ಈಚೆ ಬರಕ್ಕೆ ನಂಗೆ ನೆಪ ಎಲ್ಲೈತೆ?"

ಅವಳು ಹೇಳಿದ್ದನ್ನು ನಂದೀಶ್ವರಯ್ಯನವರು ಇಂದಿಗೂ ನಿಂತೇ ನೆನಪಿಸಿಕೊಳ್ಳುತ್ತಾರೆ. ಯುವರಾಜ್ ದಾರಿಹೋಕನಲ್ಲ, ಆ ಮನೆಯ ಅಳಿಯ. ಮೂರು ವರ್ಷದ ಹಿಂದೆ ಮಗಳು ಯಶಸ್ವಿನಿ, ಆ ಮನೆಯವರು ಹೊಸಿಲು ದಾಟಗೊಡದ ಜಾತಿಯ ಹುಡುಗನನ್ನು ಮದುವೆಯಾದಳು. ಪರ್ವತಯ್ಯನವರು ತಲೆಗೆ ನೀರು ಹೊಯ್ದುಕೊಂಡು ಮಗಳು ಸತ್ತಳೆಂದರು. ಮಲ್ಲೇಶ್ ಅಷ್ಟಕ್ಕೆ ನಿಲ್ಲದೆ ಹುಡುಕುತ್ತಾ ಹೋಗಿ, ತುಮಕೂರಿನ ಬಾಡಿಗೆ ಮನೆಗೆ ಜನ ನುಗ್ಗಿಸಿ ಯುವರಾಜನ ಕೈ ಮುರಿಸಿದ. ಆಮೇಲೆ ಅವರಿದ್ದ ಜಾಗ ತಾಯಿಗೂ ಆಕೆಯನ್ನು ಕರೆದೊಯ್ಯುವ ಭೀಮರಾಜುವಿಗೂ ಮಾತ್ರ ಗೊತ್ತು. ತಿಂಗಳಿಗೊಮ್ಮೆ ಕಣ್ಣಿನ ಆಸ್ಪತ್ರೆಯ ಹೆಸರಿನಲ್ಲಿ ಹೋಗಿ, ಮಗಳನ್ನೂ ಹತ್ತು ತಿಂಗಳ ಮೊಮ್ಮಗಳನ್ನೂ ನೋಡಿ ಬರುವುದು. ಕಾರು ಉರುಳಿದ ದಿನ ಭೀಮರಾಜು ಮೊದಲು ಫೋನು ಮಾಡಿದ್ದು ಯುವರಾಜನಿಗೆ. ತನ್ನ ಹೆಸರು ಕಾಗದಕ್ಕೆ ಬರುವುದೆಂದು ಗೊತ್ತಿದ್ದೂ ಆತ ಅತ್ತೆಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದ.

"ಚಿಕ್ಕೆಜಮಾನ್ರು ಕಾರ್ ತೆಗೀತಾವ್ರೆ ಸ್ವಾಮಿ," ಎಂದಳು ಮಂಜಮ್ಮ. "ಇನ್ನಿಬ್ರು ಬರ್ಲಿ ಅಂತ ಕಾಯ್ತಾವ್ರೆ. ನಿಮ್ ಚೀಟಿ ಅವ್ರ್ ಕೈಲೈತೆ."

ಇಪ್ಪತ್ತೇಳು ವರ್ಷ ಬಾಗಿಲು ಬಾಗಿಲಿಗೂ ಓದಿ ಹೇಳಿದ ಪಟ್ಟಿ. ಊರಿನ ಬಾಯಿಂದ ಮನೆಯನ್ನು ಕಾಯಲೆಂದು ಮಾಡಿಕೊಂಡ ನಿಯಮ. ಮನೆಯೊಳಗೇ ಒಬ್ಬರಿಂದ ಇನ್ನೊಬ್ಬರು ಕಾದಿಟ್ಟುಕೊಳ್ಳಬೇಕಾದ ಮಾತೊಂದು ಇರಬಹುದೆಂಬುದು ಅವರ ಮನಸ್ಸಿಗೇ ಬಂದಿರಲಿಲ್ಲ. ತಾವೇ ಬರೆದು, ತಾವೇ ಗಟ್ಟಿಯಾಗಿ ಓದಿ, ಊರಿನ ಹೆಸರು ಸಮೇತ ವಿಳಾಸ ಒಪ್ಪಿಸಿ ಬಂದಿದ್ದರು.

ಸಿರಾ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಪೊಲೀಸ್ ಕಾಗದದಲ್ಲಿದ್ದ ಭೀಮರಾಜುವಿನ ನಂಬರಿಗೆ ಫೋನು ಮಾಡಿದರು. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಆತ ಹತ್ತೇ ನಿಮಿಷದಲ್ಲಿ ಭಾವಮೈದುನನ ಲಗೇಜ್ ಆಟೊ ತಂದು ನಿಲ್ಲಿಸಿದ. ಯುವರಾಜ್ ಬೋರ್‌ವೆಲ್ ಮೋಟರು ರಿಪೇರಿಗೆ ಯಾವುದೋ ತೋಟಕ್ಕೆ ಹೋಗಿದ್ದನೇನೋ, ಫೋನು ಸಿಗಲಿಲ್ಲ. ಯಶಸ್ವಿನಿಯ ಬಳಿ ಫೋನೇ ಇರಲಿಲ್ಲ. ಸಿರಾ ಪೇಟೆ ಹೊಕ್ಕರೆ ತಡವಾದೀತೆಂದು ಭೀಮರಾಜು ಹಳ್ಳಿದಾರಿಗಳಲ್ಲಿ ನುಗ್ಗಿಸಿ ಹೆದ್ದಾರಿ ದಾಟಿದ. ಲಗೇಜ್ ಆಟೊ ಏರಿನಲ್ಲಿ ಏದುತ್ತಿತ್ತು. ಹಿಂದಿನಿಂದ ಕಾರು ಬಂದಾಗಲೆಲ್ಲ ನಂದೀಶ್ವರಯ್ಯನವರು ತಲೆ ತಗ್ಗಿಸುವರು, ಅದು ಮುಂದೆ ಹೋದ ಮೇಲೆ ನಂಬರು ನೋಡುವರು.

"ಅವ್ರಿಗೆ ಮನೆ ಗೊತ್ತಿಲ್ಲ ಸಾರ್, ಊರಲ್ಲಿ ಕೇಳ್ಕಂಡೇ ಹೋಗ್ಬೇಕು," ಎಂದು ಭೀಮರಾಜು ಸಮಾಧಾನ ಹೇಳಿದ.

ಕೇಳುವುದಕ್ಕೆ ಎಷ್ಟು ಹೊತ್ತು ಬೇಕೆಂಬುದು ನಂದೀಶ್ವರಯ್ಯನವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೋಟೆಲಿನ ಬೆಂಚು, ಒಂದು ಲೋಟ ಚಹಾ, ಒಂದು ಸಹಜವಾದ ಪ್ರಶ್ನೆ. ಅಷ್ಟೇ.

ಹಿಟ್ಟಿನ ಗಿರಣಿಯ ಹಿಂದೆ ಒಂದು ಕೋಣೆಯ ಮನೆ. ಭೀಮರಾಜುವನ್ನೂ ಅವನ ಹಿಂದೆ ಅಪರಿಚಿತರೊಬ್ಬರನ್ನೂ ಕಂಡ ಯಶಸ್ವಿನಿ, ತಾಯಿ ಹೋದರೆಂದೇ ತಿಳಿದು ಮಗುವನ್ನು ಅವುಚಿಕೊಂಡು ಹೊಸಿಲ ಮೇಲೆ ಕುಸಿದಳು.

"ನಿಮ್ಮಮ್ಮ ಚೆನ್ನಾಗಿದ್ದಾರೆ ತಾಯಿ," ಎಂದರು ನಂದೀಶ್ವರಯ್ಯನವರು. "ತಪ್ಪಾಗಿರೋದು ನನ್ನಿಂದ. ನಿಮ್ಮ ಚಿಕ್ಕಪ್ಪ ಬರ್ತಿದ್ದಾರೆ."

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಎರಡು ಸಲ ಮನೆ ಬಿಟ್ಟು ಓಡಿದವಳಿಗೆ ಏನೇನು ಎತ್ತಿಕೊಳ್ಳಬೇಕೆಂಬುದು ಬಾಯಿಪಾಠವಾಗಿತ್ತು. ಮಗುವಿನ ಬಟ್ಟೆ, ಕಾಗದಪತ್ರದ ಚೀಲ, ಹಾಲಿನ ಬಾಟಲಿ. ಒಲೆ ಆರಿಸಿ ಹೊರಬಂದವಳು ಮತ್ತೆ ಒಳಗೆ ಹೋಗಿ ಅರೆಬೆಂದ ಅನ್ನಕ್ಕೆ ತಟ್ಟೆ ಮುಚ್ಚಿ ಬಂದಳು. ಯುವರಾಜನಿರುವ ತೋಟಕ್ಕೂ ಅಲ್ಲಿಂದ ಮುಂದಕ್ಕೂ ಕರೆದೊಯ್ಯುವುದಾಗಿ ಭೀಮರಾಜು ಹೇಳತೊಡಗಿದಾಗ, ನಂದೀಶ್ವರಯ್ಯನವರು ಅವನ ಮಾತನ್ನು ಅರ್ಧಕ್ಕೇ ತಡೆದರು.

"ಎಲ್ಲಿಗೆ ಅಂತ ನನಗೆ ಹೇಳಬೇಡಪ್ಪ."

ಆಟೊ ಮರೆಯಾದ ಮೇಲೆ ಬೀಗ ಹಾಕಿದ ಆ ಬಾಗಿಲ ಮುಂದೆ, ಹೊಸಿಲ ಮೇಲೇ ಕುಳಿತರು. ಹೋಗಿಬಿಡಬಹುದಿತ್ತು. ಆದರೆ ಬೀಗ ಕಂಡ ಮಲ್ಲೇಶ್ ನೆರೆಯವರನ್ನು ಕೇಳುತ್ತಾನೆ, ಆಟೊ ಹೋದ ದಿಕ್ಕನ್ನು ಯಾರಾದರೂ ತೋರಿಸುತ್ತಾರೆ. ಒಂದರ್ಧ ಗಂಟೆಯಾದರೂ ಅವನ ಗಮನ ಇಲ್ಲೇ ನಿಲ್ಲಬೇಕು. ಐವತ್ತೆರಡು ವರ್ಷದ ಆ ಅಧಿಕಾರಿಯ ಬಳಿ ಇದ್ದ ಆಯುಧವೆಂದರೆ ಒಂದು ಪೆನ್ನು, ಎರಡು ಹಾಳೆ, ಒಂದು ಕಾರ್ಬನ್.

ನಾಲ್ಕು ಗಂಟೆಯ ಹೊತ್ತಿಗೆ ಕಾರು ಬಂದು ಗಿರಣಿಯ ಮುಂದೆ ನಿಂತಿತು. ಮಲ್ಲೇಶ್, ಅವನ ಹಿಂದೆ ಇಬ್ಬರು.

"ನಾಳೆ ಅಂದಿದ್ರಲ್ಲ ಅಯ್ಯನೋರೆ?"

"ಅರ್ಜೆಂಟಿಲ್ಲ ಅಂದಿದ್ರಲ್ಲ ನೀವೂ."

"ಒಳ್ಗೆ ಯಾರವ್ರೆ?"

"ಅದು ನನ್ನ ಪಟ್ಟಿಯಲ್ಲಿಲ್ಲ."

ಮಲ್ಲೇಶ್ ಹತ್ತಿರ ಬಂದ, ದನಿ ತಗ್ಗಿಸಿದ. "ನೀವು ನಮ್ ಜನ. ನಮ್ಮನೆ ಮರ್ಯಾದೆ ಏನು ಅಂತ ನಿಮ್ಗೆ ನಾನ್ ಹೇಳ್ಕೊಡ್ಬೇಕಾ? ಏಳಿ ಮೇಲೆ."

ನಂದೀಶ್ವರಯ್ಯನವರು ಏಳಲಿಲ್ಲ. ತೊಡೆಯ ಮೇಲಿನ ಹಾಳೆಗಳ ನಡುವೆ ಕಾರ್ಬನ್ ಸರಿಯಾಗಿ ಕೂರಿಸಿ ಬರೆಯತೊಡಗಿದರು. ಬರೆದದ್ದನ್ನು ಮಧ್ಯಾಹ್ನ ಓದಿದ ಅದೇ ಗಟ್ಟಿ ದನಿಯಲ್ಲಿ ಓದಿದರು: ಇಂಥ ದಿನ, ಇಷ್ಟು ಗಂಟೆಗೆ, ಈ ನಂಬರಿನ ಕಾರಿನಲ್ಲಿ, ಮಧುಗಿರಿಯ ಮಲ್ಲೇಶ್ ಮತ್ತು ಇನ್ನಿಬ್ಬರು, ವಿಮಾ ತನಿಖೆಯ ಸಾಕ್ಷಿಯೊಬ್ಬರ ಮನೆಗೆ ಬಂದು, ತನಿಖಾಧಿಕಾರಿಯನ್ನು ಎದ್ದು ಹೋಗುವಂತೆ ಹೇಳಿರುತ್ತಾರೆ. ಆಮೇಲೆ ತಲೆಯೆತ್ತಿ, ಜೊತೆಗಿದ್ದವರ ಹೆಸರುಗಳನ್ನು ಕೇಳಿದರು.

"ನನ್ ಹೆಸ್ರು ಯಾಕಣ್ಣ?" ಎಂದು ಒಬ್ಬ ಹಿಂದೆ ಸರಿದ. "ನಾನು ಸುಮ್ಕೆ ಜೊತೆಗ್ ಬಾ ಅಂದ್ರು ಅಂತ ಬಂದೋನು."

"ತಪ್ಪಿದ್ದರೆ ಹೇಳಿ, ತಿದ್ದುತ್ತೇನೆ," ಎಂದರು ನಂದೀಶ್ವರಯ್ಯನವರು ಮಲ್ಲೇಶನಿಗೆ. "ಮೇಲಿನ ಹಾಳೆ ಠಾಣೆಗೆ. ಕೆಳಗಿನದು ನಿಮಗೆ. ಈ ಮನೆಯವರಿಗೆ ನಾಳೆ ಏನೇ ಆದರೂ, ಇವತ್ತು ನೀವು ಬಂದಿದ್ದು ಬರಹದಲ್ಲಿರುತ್ತೆ."

ಗಿರಣಿ ನಿಂತಿತ್ತು. ಹಿಟ್ಟು ಮೆತ್ತಿದ ಮುಖದ ನಾಲ್ಕಾರು ಜನ ಹೊರಬಂದು ನೋಡುತ್ತಿದ್ದರು. ಮಲ್ಲೇಶ್ ಆ ಚೀಟಿಯನ್ನೂ ಮಡಿಸಿ, ಮೊದಲಿನ ಚೀಟಿಯಿದ್ದ ಜೇಬಿಗೇ ಹಾಕಿಕೊಂಡು ಕಾರು ಹತ್ತಿದ. ಕಾರು ತಿರುವು ದಾಟುವವರೆಗೆ ನಂದೀಶ್ವರಯ್ಯನವರು ಹೊಸಿಲು ಬಿಟ್ಟೇಳಲಿಲ್ಲ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು. ಬರುವಾಗ ಮೇಲಿನ ಹಾಳೆಯನ್ನು ಠಾಣೆಗೆ ಕೊಟ್ಟೇ ಬಸ್ಸು ಹತ್ತಿದರು.

ತನಿಖೆಯನ್ನು ಅವರು ಬಿಡಲಿಲ್ಲ. ಕಮಲಾಕ್ಷಮ್ಮ ಕಾರಿನಲ್ಲಿದ್ದರೇ ಇಲ್ಲವೇ ಎಂಬುದು ಸಂಸ್ಥೆಗೆ ತಿಳಿಯಬೇಕಾದ್ದೇ. ಹಿಂದಿನ ಸೀಟಿನ ಸಂದಿಯಲ್ಲಿ ಹಸಿರು ಬಳೆಯ ಚೂರುಗಳು ಸಿಕ್ಕವು, ಆಕೆಯ ಎಡಗೈಯಲ್ಲಿ ಅದೇ ಬಳೆಯ ಜೋಡಿಯಿತ್ತು. ಸಿರಾ ಆಸ್ಪತ್ರೆಯ ಪುಸ್ತಕದ ವೇಳೆ ಅಪಘಾತದ ವೇಳೆಗೆ ತಾಳೆಯಾಯಿತು. ವರದಿಯಲ್ಲಿ ಇವಿಷ್ಟನ್ನೂ ಬರೆದು, ಪ್ರಯಾಣದ ಉದ್ದೇಶ ಎಂಬ ಅಂಕಣದಲ್ಲಿ 'ಈ ಅರ್ಜಿಗೆ ಸಂಬಂಧಿಸಿಲ್ಲ' ಎಂದು ನಮೂದಿಸಿದರು. ವ್ಯವಸ್ಥಾಪಕರು ವರದಿಯನ್ನು ಎರಡು ಸಲ ಹಿಂದಿರುಗಿಸಿದರು. ಎರಡು ಸಲವೂ ಅದೇ ಸಾಲು ವಾಪಸು ಹೋಯಿತು. ಕರ್ತವ್ಯಲೋಪವೆಂದು ಮೆಮೊ ಬಂದಾಗ ಇವರು ಕೊಟ್ಟ ಉತ್ತರ ಸೇವಾ ಕಡತದಲ್ಲಿ ಇಂದಿಗೂ ಇದೆ: 'ನನ್ನಿಂದ ಲೋಪವಾಗಿರುವುದು ನಿಜ. ಆದರೆ ಬರೆಯದೆ ಬಿಟ್ಟದ್ದು ಲೋಪವಲ್ಲ, ಓದಿ ಹೇಳಿದ್ದು ಲೋಪ.' ಅದನ್ನು ಯಾರೂ ಅರ್ಥಮಾಡಿಕೊಳ್ಳಲಿಲ್ಲ. ತುಮಕೂರಿನ ದಾಖಲೆ ಕೋಣೆಗೆ ಒಂದೂವರೆ ವರ್ಷ ಹಾಕಿದರು.

ಅಲ್ಲಿಂದಲೇ ಅವರು ಮಧುಗಿರಿಯ ನ್ಯಾಯಮಂಡಳಿಗೆ ಸಾಕ್ಷಿ ಹೇಳಲು ಹೋದದ್ದು. ಕರೆಸಿದವರು ಕಮಲಾಕ್ಷಮ್ಮನವರ ವಕೀಲರು. ಸಂಸ್ಥೆಯ ವಕೀಲರು ಪಾಟೀಸವಾಲಿಗೆ ಎದ್ದಾಗ, ಹಿಂದಿನ ಬೆಂಚಿನಲ್ಲಿ ಪರ್ವತಯ್ಯನವರ ಪಕ್ಕ ಮಲ್ಲೇಶ್ ಕುಳಿತಿದ್ದ. ಬೀಗ ಕಂಡು ಹಿಂದಿರುಗಿದವನ ಬಳಿ ಅಂದಿನವರೆಗೆ ಇದ್ದದ್ದು ಅನುಮಾನ ಮಾತ್ರ. ಯುವರಾಜ್ ಎಂಬ ಹೆಸರಿನವರು ತಾಲ್ಲೂಕಿಗೆ ನೂರು ಜನ, ತನ್ನನ್ನು ಸೇರಿಸಿದವನು ಯಾವನೋ ದಾರಿಹೋಕ ಎಂದು ಕಮಲಾಕ್ಷಮ್ಮ ಗಂಡನೆದುರು ಸಾಧಿಸಿದ್ದರು. ಅಧಿಕಾರಿಯೊಬ್ಬರು ಪ್ರಮಾಣ ಮಾಡಿ ಹೇಳಿಬಿಟ್ಟರೆ ಆಕೆಯ ಮೇಲೆ ಕಾವಲು ಬೀಳುತ್ತಿತ್ತು, ಮಗಳ ಬಳಿಗಿದ್ದ ಕೊನೆಯ ದಾರಿಯೂ ಮುಚ್ಚುತ್ತಿತ್ತು. ಊರುಗೋಲಿನ ಮೇಲೆ ಕೈಯಿಟ್ಟು ಕುಳಿತಿದ್ದ ಆಕೆ ನಂದೀಶ್ವರಯ್ಯನವರ ಮುಖ ನೋಡಲಿಲ್ಲ.

ಆಕೆ ಯಾಕೆ ಆ ದಾರಿಯಲ್ಲಿ ಹೋಗಿದ್ದರೆಂಬುದು ನಿಮಗೆ ತಿಳಿದಿದೆಯೇ ಎಂದು ವಕೀಲರು ಕೇಳಿದರು. ಪ್ರಮಾಣ ಮಾಡಿದ ಬಾಯಲ್ಲಿ ಸುಳ್ಳಾಡುವಂತಿರಲಿಲ್ಲ.

"ತಿಳಿದಿದೆ," ಎಂದರು ನಂದೀಶ್ವರಯ್ಯನವರು.

ಹಿಂದಿನ ಬೆಂಚು ಕಿರುಗುಟ್ಟಿತು. ಹಾಗಾದರೆ ಹೇಳಿ ಎಂದರು ವಕೀಲರು. ನಂದೀಶ್ವರಯ್ಯನವರು ನ್ಯಾಯಾಧೀಶರ ಕಡೆ ತಿರುಗಿದರು.

"ಆಕೆ ಕಾರಿನಲ್ಲಿದ್ದರೇ ಅಂತ ಕೇಳಿದರೆ ಹೇಳುತ್ತೇನೆ ಸ್ವಾಮಿ, ಸಾಕ್ಷ್ಯ ತೋರಿಸುತ್ತೇನೆ. ಯಾಕಿದ್ದರು ಅನ್ನೋದು ಆಕೆಯ ಸ್ವತ್ತು. ನನ್ನ ಕೈಗೆ ಅಕಸ್ಮಾತ್ ಬಂದಿದೆ, ಹಂಚೋ ಅಧಿಕಾರ ನನಗಿಲ್ಲ. ತಾವು ಆಜ್ಞೆ ಮಾಡಿದರೆ, ಬೇರೆ ಯಾರೂ ಇಲ್ಲದಾಗ, ಆಕೆಯನ್ನು ಕೇಳಿ ಹೇಳುತ್ತೇನೆ."

ನ್ಯಾಯಾಧೀಶರು ಕಡತವನ್ನು ಹಿಂದೆ ಮುಂದೆ ತಿರುವಿದರು. ಬಾಡಿಗೆಗೆ ಕಾರು ಹತ್ತಿದವರು ಎಲ್ಲಿಗೆ ಹೋಗುತ್ತಿದ್ದರೆಂಬುದರಿಂದ ಮುರಿದ ಮೂಳೆಯ ಪರಿಹಾರ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ ಎಂದು ಹೇಳಿ, ಆ ಪ್ರಶ್ನೆಯನ್ನು ತಳ್ಳಿಹಾಕಿದರು. ಬಳೆಯ ಚೂರುಗಳನ್ನು ತೋರಿಸಿ ಎಂದರು.

ಅರ್ಜಿ ಮಂಜೂರಾಯಿತು. ದಾಖಲೆ ಕೋಣೆಯಿಂದ ಹೊರಬಂದ ನಂದೀಶ್ವರಯ್ಯನವರು ತಮ್ಮ ಪದ್ಧತಿಯನ್ನು ತಿದ್ದಿಕೊಂಡರು. ಪಟ್ಟಿಯನ್ನು ಗಟ್ಟಿಯಾಗಿ ಓದುವುದು ನಿಂತಿತು. ಗಾಯಾಳು ಒಬ್ಬರೇ ಇರುವಾಗ, ಓದಬಲ್ಲವರಿಗೆ ತೋರಿಸಿ, ಓದಲಾರದವರ ಕಿವಿಗೆ ಮಾತ್ರ ಬೀಳುವಂತೆ ಹೇಳಿ, ಪೆನ್ನನ್ನು ಅವರ ಕೈಗೆ ಕೊಡುವುದು ಶುರುವಾಯಿತು: ಬೇಡವಾದ ಸಾಲನ್ನು ಹೊಡೆದುಹಾಕಿ, ಅದನ್ನು ಬಿಟ್ಟು ಬೇರೆ ದಾರಿ ಇದೆಯೇ ನೋಡುತ್ತೇನೆ. ದಾರಿಯಿಲ್ಲದಿದ್ದರೆ ಅದನ್ನೂ ಮೊದಲೇ ತಿಳಿಸುವುದು. ಈಚೆಗೆ ಕೆಲಸಕ್ಕೆ ಬಂದ ತರುಣರು ಗಾಯಾಳುಗಳ ಫೇಸ್‌ಬುಕ್ ತಡಕಿ, ಎದುರುಮನೆಯ ಮಾಳಿಗೆಯಿಂದ ವಿಡಿಯೊ ತೆಗೆದು, ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕತೊಡಗಿದಾಗ, ಇವರು ಯಾರಿಗೂ ಉಪದೇಶ ಮಾಡಲಿಲ್ಲ. ಒಬ್ಬೊಬ್ಬರನ್ನೇ ಬೈಕಿನ ಹಿಂದೆ ಕೂರಿಸಿಕೊಂಡು ಬುಕ್ಕಾಪಟ್ಟಣದ ಹಿಟ್ಟಿನ ಗಿರಣಿಯ ಹಿಂದಿನ ಆ ಬಾಗಿಲಿಗೆ ಕರೆದೊಯ್ದು, ಹೊಸಿಲ ಮೇಲೆ ಕೂರಿಸಿ, ತಮ್ಮ ತಪ್ಪನ್ನು ಮೊದಲಿನಿಂದ ಹೇಳುತ್ತಿದ್ದರು. ಹಾಗೆ ಆ ಹೊಸಿಲ ಮೇಲೆ ಕುಳಿತೆದ್ದವರು ಈಗ ಒಂಬತ್ತು ಜನರಿದ್ದೇವೆ.

ಆ ದಿನದ ಕಥೆಯನ್ನು ಅಚ್ಚು ಹಾಕಬಹುದೇ ಎಂಬ ಪ್ರಶ್ನೆ ಎದ್ದಾಗ, ನಿರ್ಧಾರ ನಿಮ್ಮದೂ ಅಲ್ಲ ನನ್ನದೂ ಅಲ್ಲ ಎಂದರು ನಂದೀಶ್ವರಯ್ಯನವರು. ಹೀಗಾಗಿ ಈ ಲೇಖನದ ಕರಡು ಮೊದಲು ಹೋದದ್ದು ಆ ತಾಯಿಯ ಬಳಿಗೆ, ಅವರೊಬ್ಬರೇ ಇದ್ದಾಗ, ಪೆನ್ನಿನ ಸಮೇತ. ಈಗ ಇದರಿಂದ ಮಗಳಿಗೆ ಅಪಾಯವಿಲ್ಲ, ಹೇಳುವ ಕಾಲ ಬಂದಿದೆ ಎಂದು ಅವರೇ ಒಪ್ಪಿದರು. ಇಲ್ಲಿ ಬಂದಿರುವ ಆ ಮನೆಯವರ ಹೆಸರುಗಳು ನಿಜವಾದವಲ್ಲ, ಎಲ್ಲ ಅವರು ಆರಿಸಿಕೊಟ್ಟವು. ಮಂಜಮ್ಮ, ಭೀಮರಾಜು ಎಂಬವೂ ಹಾಗೆಯೇ. ಎರಡು ಸಾಲುಗಳನ್ನು ಹೊಡೆದುಹಾಕಿದರು. ಅವು ಇಲ್ಲಿಲ್ಲ.

ಅರವತ್ತು ತುಂಬಿದ ಶ್ರೀ ನಂದೀಶ್ವರಯ್ಯನವರಿಗೆ ನೂರು ತುಂಬಲಿ, ಮೊಣಕಾಲಿನ ನೋವು ಅವರನ್ನು ನಡೆಯಗೊಡಲಿ, ಅಪಘಾತಕ್ಕೆ ಸಿಕ್ಕಿ ಕಾಗದಗಳ ಮುಂದೆ ಕಂಗೆಟ್ಟು ಕುಳಿತವರಿಗೆ ಅವರ ಮನೆಯ ಜಗುಲಿ ಇನ್ನು ಮೇಲೂ ಸಿಗಲಿ ಎಂಬುದು ಆ ಒಂಬತ್ತು ಜನರ ಹಾರೈಕೆ. ಕರಡನ್ನು ಹಿಂದಿರುಗಿಸುವಾಗ ಆ ತಾಯಿ ಇವರಿಗೊಂದು ಮಾತು ಹೇಳಿ ಕಳುಹಿಸಿದರು. "ಅಯ್ಯನೋರಿಗೆ ಹೇಳಿ, ಮೊಮ್ಮಗಳು ಸ್ಕೂಲಿಗೆ ಹೋಗ್ತಾ ಅವಳೆ. ಓದೋದ್ರಲ್ಲಿ ಮುಂದು."

ಅದನ್ನು ತಲುಪಿಸಿದಾಗ ನಂದೀಶ್ವರಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು, ಇನ್ನೊಂದು ಸಲ ಹೇಳಿಸಿಕೊಂಡರು. ಯಾವ ಊರಿನ ಸ್ಕೂಲೆಂದು ಮಾತ್ರ ಕೇಳಲಿಲ್ಲ.